ಪಾಸು ಮುಗಿದ ಮೇಲೆ ನೆರುಳಿಗೆ

ಭಾನುವಾರ ಬೆಳಿಗ್ಗೆ ಐದೂಕಾಲಿಗೆ ನಾನೂ ನಮ್ಮವರೂ ಡೊಂಬಿವಲಿ ಸ್ಟೇಷನ್ನಿಗೆ ಬಂದಾಗ ರಿಕ್ಷಾದವರು ಇನ್ನೂ ಚಾದರ ಹೊದ್ದುಕೊಂಡೇ ಕೂತಿದ್ದರು. ಜನವರಿ ತಿಂಗಳು. ವರ್ಷಕ್ಕೆ ಹತ್ತು ದಿನ ಬಂದು ಮುಖ ತೋರಿಸಿ ಹೋಗುವ ಚಳಿ ಆ ವಾರವೇ ಬಂದಿತ್ತು, ಅದರ ಜೊತೆಗೆ ಫ್ಯಾಕ್ಟರಿಗಳ ಕಡೆಯಿಂದ ಆ ಘಾಟು ವಾಸನೆಯೂ. ನಾನು ಹಿಂದೆ ಮುಂದೆ ನೋಡದೆ ಸೇತುವೆಯ ಮೆಟ್ಟಿಲು ಹತ್ತತೊಡಗಿದೆ.

"ಟಿಕೆಟ್ ಯಾರು ತೆಗೆಯುವುದು? ನಿನ್ನ ಅಪ್ಪನ ಗಾಡಿಯಾ?" ಎಂದು ಕೆಳಗಿನಿಂದ ನಮ್ಮವರು ಕೇಳಿದರು.

ಇಪ್ಪತ್ತೆರಡು ವರ್ಷ ಪಾಸಿನ ಮೇಲೆ ಓಡಾಡಿದವಳಿಗೆ ಟಿಕೆಟ್ ಎಂಬುದೊಂದು ಇದೆಯೆಂಬುದೇ ಮರೆತುಹೋಗಿತ್ತು. ನನ್ನ ಪಾಸು ಮುಗಿದು ಆರು ತಿಂಗಳಾಗಿತ್ತು. ಆದರೂ ಅದು ಪರ್ಸಿನಲ್ಲಿಯೇ ಇತ್ತು. ತೆಗೆದು ಬಿಸಾಡಲು ಮನಸ್ಸಾಗಿರಲಿಲ್ಲ. ಕೆಳಗಿಳಿದು ಬಂದು ಸಾಲಿನಲ್ಲಿ ನಿಂತೆ. ನೆರುಳಿಗೆ ಹೋಗಿಬರಲು ಎಷ್ಟಾಗುತ್ತದೆಂದೂ ಗೊತ್ತಿರಲಿಲ್ಲ. ಇಪ್ಪತ್ತು ಚಿಲ್ಲರೆ ರೂಪಾಯಿಯಲ್ಲಿ ಎರಡೂ ಕಡೆಯ ಟಿಕೆಟ್ ಆಯಿತು. ನಮ್ಮವರು ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಆರು ಗಂಟೆಗೆ ಅವರು ಶಟರ್ ತೆಗೆಯಬೇಕು. ರಜೆ ಹಾಕಿ ನಾನೂ ಬರುತ್ತೇನೆ ಎಂದಿದ್ದರು, ಬೇಡವೆಂದವಳು ನಾನೇ. ಸ್ಟೀಲಿನ ಡಬ್ಬಿಯಲ್ಲಿ ನಾಲ್ಕು ಇಡ್ಲಿ, ಬೇರೆಯೇ ಒಂದು ಸಣ್ಣ ಡಬ್ಬಿಯಲ್ಲಿ ಚಟ್ನಿ ಹಾಕಿ ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ತಲೆ ತಿರುಗಿದರೆ ಕೂಡಲೇ ಕೂತ್ಕೋ. ಎಲ್ಲರಿಗಿಂತ ಮುಂದೆ ಓಡ್ಲಿಕ್ಕೆ ಹೋಗ್ಬೇಡ, ನಿನ್ನ ಬುದ್ಧಿ ನನಗೆ ಗೊತ್ತುಂಟು," ಎಂದರು.

ನಾನು ಹೊರಟಿದ್ದು ಒಂದು ನಡಿಗೆಗೆ. ಕ್ಯಾನ್ಸರ್ ಬಂದ ಬಡವರ ಔಷಧಿಗೆ ಹಣ ಕೂಡಿಸಲು ನವಿ ಮುಂಬಯಿಯ ಒಂದು ಸಂಸ್ಥೆಯವರು ನೆರುಳಿನಲ್ಲಿ ಐದು ಕಿಲೋಮೀಟರಿನ ನಡಿಗೆ ಇಟ್ಟಿದ್ದರು. ಎಂಟು ತಿಂಗಳ ಹಿಂದೆ ನನ್ನ ಎಡಗಡೆಯ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತ್ತು. ಆಪರೇಶನ್ ಆಯಿತು, ಆರು ಸಲ ಕಿಮೋ ಆಯಿತು, ನಂತರ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟದ್ದೂ ಆಯಿತು. ಆಸ್ಪತ್ರೆಯ ನರ್ಸಮ್ಮ ಒಬ್ಬರು ಈ ನಡಿಗೆಯ ಕಾಗದವನ್ನು ಕೈಗಿತ್ತು, "ಹೋಗಿ ಬನ್ನಿ, ನಿಮ್ಮಂಥವರು ಎಷ್ಟು ಜನ ಇದ್ದಾರೆ ನೋಡಿ," ಎಂದಿದ್ದರು. ಮಗಳು ಕಂಪ್ಯೂಟರಿನಲ್ಲಿ ಫಾರಂ ತುಂಬಿದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುವವಳು. ರೋಗದಿಂದ ಬದುಕಿ ಉಳಿದವರು ಎಂಬ ಕಡೆ ಗುರುತು ಹಾಕಿಬಿಟ್ಟಿದ್ದಳು. ಕರೆಂಟು ಮುಗಿದದ್ದೇ ಮೊನ್ನೆ, ಇಷ್ಟು ಬೇಗ ಬದುಕಿ ಉಳಿದವಳು ಎಂದು ಬರೆದರೆ ದೃಷ್ಟಿ ಆದೀತು ಎಂದು ನಾನು ಬೈದೆ. ಅವಳು ನಕ್ಕಳು.

ನಿಜ ಹೇಳಬೇಕೆಂದರೆ ನನಗೆ ಆ ನಡಿಗೆಗಿಂತ ರೈಲು ಮುಖ್ಯವಾಗಿತ್ತು. ಎಂಟು ತಿಂಗಳಲ್ಲಿ ನಾನು ಆಸ್ಪತ್ರೆಗೆ ಬಿಟ್ಟರೆ ಎಲ್ಲಿಗೂ ಹೋದವಳಲ್ಲ, ಅದೂ ಹೆಚ್ಚಿನಂಶ ರಿಕ್ಷಾದಲ್ಲಿ. ಮರುದಿನ ಸೋಮವಾರ ನಾನು ದಾದರಿನ ನನ್ನ ಆಫೀಸಿಗೆ ಪುನಃ ಹಾಜರಾಗಬೇಕಿತ್ತು. ಯಾವ ಗಾಡಿಗೆ ಹೋಗುವುದು ಎಂಬುದೇ ನನ್ನ ಚಿಂತೆ. ನನ್ನದು ಎಂಟು ಇಪ್ಪತ್ಮೂರರ ಗಾಡಿ. ಅದರಲ್ಲಿ ಹೋದರೆ ನನ್ನ ಗುಂಪಿನವರಿಗೆ ಎಲ್ಲ ಹೇಳಬೇಕು. ಎಂಟು ನಲವತ್ತೊಂದಕ್ಕೆ ಇನ್ನೊಂದು ಗಾಡಿ ಇದೆ. ಅದರಲ್ಲಿ ಹೋದರೆ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಎರಡನೆಯದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಯೂ ಆಗಿತ್ತು.

ಹೊರಗಿನವರಿಗೆ ಇದು ಹುಚ್ಚು ಎನಿಸಬಹುದು. ಗಾಡಿ ಬದಲಿಸುವುದೇನು ದೊಡ್ಡ ವಿಷಯವೇ ಎಂದು. ಡೊಂಬಿವಲಿಯವರನ್ನು ಕೇಳಿ ನೋಡಿ. ಪ್ಲಾಟ್‌ಫಾರ್ಮಿಗೆ ಇಳಿದಾಗ ನನ್ನ ಕಾಲುಗಳು ತಾವಾಗಿಯೇ ಹೋಗಿ ಒಂದು ಜಾಗದಲ್ಲಿ ನಿಂತವು. ರೈಲಿನ ಹೆಂಗಸರ ಡಬ್ಬಿಯ ಎರಡನೇ ಬಾಗಿಲು ಸರಿಯಾಗಿ ಅಲ್ಲಿಯೇ ಬರುತ್ತದೆ. ಅಲ್ಲಿಯ ಕಂಬಕ್ಕೆ ಒರಗಿ ನಾವು ಏಳು ಮಂದಿ ಇಪ್ಪತ್ತು ವರ್ಷ ಗಾಡಿ ಕಾದಿದ್ದೇವೆ. ಮದುವೆಯಾಗಿ ಉಡುಪಿಯ ಕಡೆಯಿಂದ ಬಂದ ಹೊಸತರಲ್ಲಿ ನನಗೆ ಮರಾಠಿಯ ಗಂಧವೇ ಇರಲಿಲ್ಲ. ಕಲಿಸಿದ್ದು ಆ ಡಬ್ಬಿ. ಮಗಳು ಹೊಟ್ಟೆಯಲ್ಲಿದ್ದಾಗ ಅಲ್ಲಿಯೇ ನನಗೆ ಹಸಿರು ಬಳೆ ತೊಡಿಸಿ, ಹುಳಿ ಮಾವಿನ ಕೈರಿ ತಿನ್ನಿಸಿದ್ದರು. ಸಂಕ್ರಾಂತಿಗೆ ಎಳ್ಳುಂಡೆ, ಅರಸಿನ ಕುಂಕುಮ. ದಸರೆಗೆ ಡಬ್ಬಿಗೆ ಗೊಂಡೆಹೂವಿನ ಮಾಲೆ. ಸಂಜೆ ಮರಳುವಾಗ ಮಡಿಲಲ್ಲಿ ಕಾಗದ ಹಾಸಿ ಬೀನ್ಸು ಸೋಸುತ್ತಿದ್ದೆವು, ಮನೆ ಮುಟ್ಟುವಾಗ ಅರ್ಧ ಅಡುಗೆ ಆದ ಹಾಗೆ.

ನಮ್ಮ ಗುಂಪಿಗೆ ಒಂದು ಕಾನೂನಿತ್ತು. ಇಬ್ಬರಿಗೆ ಒಂದು ಸೀಟು. ಒಬ್ಬಳು ಥಾಣೆಯವರೆಗೆ ಕೂರಬೇಕು, ಥಾಣೆ ಬಂದ ಕೂಡಲೇ ಬಾಯಿಮುಚ್ಚಿ ಎದ್ದು ಇನ್ನೊಬ್ಬಳಿಗೆ ಬಿಡಬೇಕು. ಕೂತವಳು ನಿಂತವಳ ಚೀಲ ಹಿಡಿಯಬೇಕು. ಇದರ ಮೇಲೆ ದಿನಾ ಜಗಳ. ಥಾಣೆ ಬಂದರೂ ನಿದ್ದೆ ಬಂದ ಹಾಗೆ ನಟಿಸುವವರ ಮೂಗು ಹಿಂಡುತ್ತಿದ್ದೆವು. ನನ್ನ ಸೀಟಿನ ಪಾಲುದಾರಳು ಸರೋಜಾ, ಧಾರವಾಡದವಳು, ಬ್ಯಾಂಕಿನಲ್ಲಿ ಕೆಲಸ. ಅವಳ ಕನ್ನಡ ನನಗೆ, ನನ್ನ ಕನ್ನಡ ಅವಳಿಗೆ ಮೊದಮೊದಲು ನಗು ತರಿಸುತ್ತಿತ್ತು. ನಾನು 'ಎಂತದು ಮಾರಾಯ್ತಿ' ಎಂದರೆ ಅವಳು ಇಡೀ ಡಬ್ಬಿಗೆ ಕೇಳುವಂತೆ ಅದನ್ನೇ ಹೇಳಿ ಅಣಕಿಸುವಳು.

ಐದು ಮೂವತ್ತರ ನಿಧಾನದ ಗಾಡಿ ಬಂತು. ಭಾನುವಾರದ ಬೆಳಗು, ಡಬ್ಬಿಯಲ್ಲಿ ಹತ್ತು ಹೆಂಗಸರೂ ಇರಲಿಲ್ಲ. ಸೋಮವಾರ ಕನಸಿನಲ್ಲಿಯೂ ಸಿಗದ ಕಿಟಕಿಯ ಸೀಟು ಕೈಬೀಸಿ ಕರೆಯುತ್ತಿತ್ತು. ನಾನು ಹೋಗಿ ಈಚೆಯ ತುದಿಯಲ್ಲಿ ಕೂತೆ. ಅದಕ್ಕೊಂದು ಕಾರಣವಿದೆ.

ಆ ದಿನಕ್ಕೆ ಏಳೆಂಟು ವರ್ಷ ಹಿಂದೆ ನಮ್ಮ ಗುಂಪಿನಲ್ಲಿ ಪ್ರಮಿಳಾತಾಯಿ ಎಂಬವಳಿದ್ದಳು. ಕಲ್ಯಾಣದಿಂದ ಹತ್ತಿ ಬರುವವಳು, ನಮಗೆಲ್ಲ ಹಿರಿಯಳು. ಅವಳು ಭಜನೆ ಶುರು ಮಾಡಿದರೆ ಶ್ರುತಿ ಒಂದು ಕಡೆ, ಅವಳೊಂದು ಕಡೆ. ಸೀಟಿಗಾಗಿ ಅವಳಷ್ಟು ಜಗಳಾಡುವವರು ಇನ್ನೊಬ್ಬರಿರಲಿಲ್ಲ. ಒಂದು ದಿನ ಅವಳು ತನಗೆ ಈ ರೋಗ ಬಂದಿದೆಯೆಂದು ನಮಗೆ ಹೇಳಿದಳು. ಮರುದಿನದಿಂದಲೇ ನಾವು ಕಿಟಕಿಯ ಸೀಟನ್ನು ಅವಳಿಗೆ ಕಾಯಂ ಮಾಡಿದೆವು. ಥಾಣೆ ಬಂದರೂ ಏಳುವುದು ಬೇಡ. ಅವಳ ಚೀಲ ನಾನು ಹಿಡಿದೆ. ಅವಳೆದುರು ಯಾರೂ ಜೋರಾಗಿ ನಗಲಿಲ್ಲ, ಯಾರೂ ಜಗಳಾಡಲಿಲ್ಲ, ಭಜನೆ ಕೆಟ್ಟು ಹೋದರೂ ಚೆನ್ನಾಗಿದೆ ಎಂದೆವು. ಎಲ್ಲರ ದನಿಯೂ ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ ಇಳಿದುಹೋಗಿತ್ತು. ಒಂದೂವರೆ ತಿಂಗಳಾದ ಮೇಲೆ ಅವಳು ಬರುವುದನ್ನು ನಿಲ್ಲಿಸಿದಳು. ಹಾಸಿಗೆ ಹಿಡಿದಳೆಂದೇ ನಾವು ತಿಳಿದೆವು. ಆಮೇಲೊಂದು ದಿನ ತಡವಾಗಿ ಸ್ಟೇಷನ್ನಿಗೆ ಬಂದ ನಾನು, ಎಂಟು ನಲವತ್ತೊಂದರ ಗಾಡಿಯಲ್ಲಿ ಅವಳನ್ನು ಕಂಡೆ. ಗುರುತು ಪರಿಚಯವಿಲ್ಲದ ಹೆಂಗಸರ ನಡುವೆ ನಿಂತು, ಒಬ್ಬಳೊಡನೆ ಸೀಟಿಗಾಗಿ ಕೈ ಬೀಸಿ ಬೀಸಿ ಜಗಳಾಡುತ್ತಿದ್ದಳು. ಮುಖ ಕಳೆಕಳೆಯಾಗಿತ್ತು.

ನಾನು ಗುಂಪಿನಲ್ಲಿ ಹೇಳಿದೆ. ಎಲ್ಲರಿಗೂ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ ಮೇಲೆ ಹೀಗೆ ಮಾಡಿದಳಲ್ಲ ಎಂದು. ನನಗೂ ಸಿಟ್ಟೇ ಬಂದಿತ್ತು. ಮತ್ತೆ ಎರಡು ವರ್ಷ ಅವಳು ಬದುಕಿದ್ದಳಂತೆ. ಅವಳು ಯಾಕೆ ಓಡಿಹೋದಳೆಂದು ನನಗೆ ಗೊತ್ತಾದದ್ದು ನನಗೇ ಈ ರೋಗ ಬಂದು, ಮನೆಗೆ ಬಂದವರೆಲ್ಲ ನನ್ನ ಮಂಚದ ಹತ್ತಿರ ಬಂದ ಕೂಡಲೇ ದನಿ ತಗ್ಗಿಸತೊಡಗಿದಾಗ. ಅದಕ್ಕೇ ಗುಂಪಿನವರಿಗೆ ನಾನು ಬಾಯಿಬಿಡಲಿಲ್ಲ. ನಮ್ಮ ಮನೆ ನಾಲ್ಕನೇ ಮಾಳಿಗೆ, ಲಿಫ್ಟಿಲ್ಲ. ಹಾಗಾಗಿ ಠಾಕುರ್ಲಿಯಲ್ಲಿ ನೆಲ ಅಂತಸ್ತಿನಲ್ಲಿರುವ ಅಕ್ಕನ ಮನೆಯಲ್ಲಿಯೇ ಆರು ತಿಂಗಳು ಇದ್ದೆ. ಸರೋಜಾ ಫೋನ್ ಮಾಡಿದರೆ ಅಮ್ಮ ಊರಿಗೆ ಹೋಗಿದ್ದಾಳೆ ಎಂದು ಹೇಳಲು ಮಗಳಿಗೆ ಕಲಿಸಿಟ್ಟಿದ್ದೆ.

ಕೋಪರ್, ದಿವಾ, ಮುಂಬ್ರಾ. ದಿವಾದಲ್ಲಿ ಮೀನಿನ ಬುಟ್ಟಿಯವರು ಹತ್ತಿದರು. ನಾನು ಬಂದ ಹೊಸತರಲ್ಲಿ ದಿವಾ ಎಂದರೆ ಹಳಿಯ ಆಚೆಗೆ ಬರೇ ಗದ್ದೆ ಮತ್ತು ಉಪ್ಪುನೀರು. ಈಗ ಕಟ್ಟಡಕ್ಕೆ ಕಟ್ಟಡ ತಾಗಿಕೊಂಡು ನಿಂತಿವೆ, ಒಂದರ ಬಾಲ್ಕನಿಯಿಂದ ಇನ್ನೊಂದರ ಬಟ್ಟೆ ತೆಗೆಯಬಹುದು. ಮುಂಬ್ರಾ ದಾಟಿದ ಮೇಲೆ ಬೆಳದಿಂಗಳಲ್ಲಿ ಖಾರಿಯ ನೀರು, ಸಮುದ್ರದ ಹಿನ್ನೀರು, ಕಾಣಿಸಿತು. ಮರಳು ತೆಗೆಯುವ ದೋಣಿಗಳು ಮಂಜಿನಲ್ಲಿ ಅಲುಗಾಡದೆ ನಿಂತಿದ್ದವು. ಈ ನೀರು ಬಂದಾಗಲೆಲ್ಲ ನನಗೆ ನಮ್ಮೂರ ಕಡೆಯ ಕಲ್ಯಾಣಪುರದ ಹೊಳೆ ನೆನಪಾಗುತ್ತಿತ್ತು, ಆ ಹೊತ್ತಿಗೆ ಸರಿಯಾಗಿ ಸರೋಜಾ "ಥಾಣೆ ಬರಾಕ್ಹತ್ತು, ಏಳೇಳು," ಎಂದು ತಿವಿಯುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಆ ನೀರನ್ನು ಒಂದು ದಿನವೂ ಪೂರ್ತಿ ನೋಡಲು ಬಿಟ್ಟವಳಲ್ಲ. ಆ ಬೆಳಿಗ್ಗೆ ಪೂರ್ತಿ ನೋಡಿದೆ. ತಿವಿಯುವವರು ಯಾರೂ ಇರಲಿಲ್ಲ, ನೋಡಿ ಸುಖವೂ ಆಗಲಿಲ್ಲ.

ಥಾಣೆಯಲ್ಲಿ ಇಳಿದು ಸೇತುವೆ ದಾಟಿ ನವಿ ಮುಂಬಯಿಯ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮಿಗೆ ಹೋದೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಕ್ಯಾಂಟೀನಿನಲ್ಲಿ ಐದು ರೂಪಾಯಿಯ ಚಹಾ ಕುಡಿದೆ, ಬರೇ ಸಕ್ಕರೆ ನೀರು. ಈ ಮಾರ್ಗ ಆಗುವ ಮೊದಲು ನವಿ ಮುಂಬಯಿಗೆ ಹೋಗುವುದೆಂದರೆ ಬಸ್ಸೇ ಗತಿ. ಮಗಳು ಸಣ್ಣವಳಿದ್ದಾಗ ವಾಶಿಯಲ್ಲಿದ್ದ ನಮ್ಮವರ ಚಿಕ್ಕಮ್ಮನ ಮನೆಗೆ ಹೋಗಲು ಥಾಣೆಯಿಂದ ಬಸ್ಸು ಹಿಡಿದರೆ, ರಸ್ತೆಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಾರ್ಖಾನೆಯ ಗೋಡೆ, ಒಂದೂವರೆ ಗಂಟೆ ಕಳೆದರೂ ಮುಗಿಯುತ್ತಿರಲಿಲ್ಲ. ಮಗಳು ಯಾವಾಗಲೂ ಐರೋಲಿಯಲ್ಲಿಯೇ ವಾಂತಿ ಮಾಡುವವಳು. ಈಗ ಐರೋಲಿ ಬಂದು ಹೋದದ್ದೇ ಗೊತ್ತಾಗಲಿಲ್ಲ. ಘನ್ಸೋಲಿ, ಕೋಪರ್‌ಖೈರ್ಣೆ, ತುರ್ಭೆ, ಒಂದೊಂದೂ ಅರಮನೆಯಂಥ ಸ್ಟೇಷನ್ನು, ಜನ ಮಾತ್ರ ಇಲ್ಲ. ಚಿಕ್ಕಮ್ಮ ತೀರಿಕೊಂಡು ಎಷ್ಟೋ ಕಾಲವಾಗಿದೆ. ಮುಕ್ಕಾಲು ಗಂಟೆಯೊಳಗೆ ನೆರುಳು ಬಂತು.

ನಡಿಗೆ ಶುರುವಾಗುವ ಮೈದಾನಕ್ಕೆ ಸ್ಟೇಷನ್ನಿನಿಂದ ಹತ್ತು ನಿಮಿಷ. ಅಲ್ಲಿ ನೋಡಿದರೆ ಜಾತ್ರೆ. ಕಾಲೇಜಿನ ಮಕ್ಕಳು, ಕಂಪನಿಯವರು, ಬ್ಯಾಂಡಿನವರು, ಮೈಕಿನಲ್ಲಿ ಒಬ್ಬ ನಿಲ್ಲಿಸದೆ ಮಾತಾಡುತ್ತಿದ್ದ. ಎರಡು ಮೇಜು ಇಟ್ಟಿದ್ದರು. ಒಂದು ಬದುಕಿ ಉಳಿದವರಿಗೆ. ಅವರಿಗೆ ಹಳದಿ ಶಾಲು. ಇನ್ನೊಂದು ಬೆಂಬಲಕ್ಕೆ ಬಂದವರಿಗೆ. ಅವರಿಗೆ ಬಿಳಿ ಟೋಪಿ, ಇನ್ನೂರು ರೂಪಾಯಿ. ಹಳದಿಯ ಸಾಲಿನಲ್ಲಿ ನಲವತ್ತೈವತ್ತು ಮಂದಿ ಇದ್ದರು. ನನ್ನ ವಯಸ್ಸಿನವರು, ನನಗಿಂತ ಹಿರಿಯರು, ಇಪ್ಪತ್ತೈದರ ಒಬ್ಬಳು ಹುಡುಗಿ. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಧೈರ್ಯ ಅಲ್ಲಿಯೇ ಕರಗಿತು. ಫುಕ್ಕಟೆ ಶಾಲು ಬಿಟ್ಟು ಇನ್ನೂರು ರೂಪಾಯಿ ಕೊಟ್ಟು ಬಿಳಿ ಟೋಪಿ ತೆಗೆದುಕೊಂಡು ವಿಗ್ಗಿನ ಮೇಲೆ ಇಟ್ಟುಕೊಂಡೆ. ವಿಗ್ಗಿನ ಒಳಗೆ ನನ್ನ ಸ್ವಂತದ್ದು ಒಂದು ಉಗುರಿನಷ್ಟು ಕೂದಲು ಆಗತಾನೆ ಬಂದಿತ್ತು. ಗೋಡೆಯ ಪಕ್ಕ ನಿಂತು ಎರಡು ಇಡ್ಲಿ ತಿಂದು ನೀರು ಕುಡಿದೆ.

ಏಳು ಗಂಟೆಗೆ ನಡಿಗೆ ಹೊರಟಿತು. ಹಳದಿ ಶಾಲಿನವರು ಮುಂದೆ, ನಾವು ಹಿಂದೆ. ಕೆರೆಯ ಬದಿಯ ರಸ್ತೆ, ನೆರಳು ಚೆನ್ನಾಗಿತ್ತು. ದೂರದ ಜವುಗಿನಲ್ಲಿ ಗುಲಾಬಿ ಬಣ್ಣದ ಹಕ್ಕಿಗಳು ಒಂಟಿ ಕಾಲಿನಲ್ಲಿ ನಿಂತಿದ್ದವು. ಒಂದು ಕಿಲೋಮೀಟರ್ ಆಗಿರಬಹುದು, ಹಿಂದಿನಿಂದ ಯಾರೋ ನನ್ನ ಬಲಗೈ ಹಿಡಿದು ಎಳೆದರು.

"ನಿಂದ್ರು ಅಲ್ಲೇ, ವಸಂತಿ. ಎಲ್ಲಿಗೆ ಹೊಂಟಿ?"

ಸರೋಜಾ. ಬ್ಯಾಂಕಿನ ಹೆಸರಿನ ಟಿ-ಶರ್ಟನ್ನು ಸೀರೆಯ ಮೇಲೆಯೇ ಹಾಕಿಕೊಂಡಿದ್ದಳು. ಅವಳ ಬ್ಯಾಂಕಿನವರು ಎಲ್ಲರನ್ನೂ ಈ ನಡಿಗೆಗೆ ಬರಹೇಳಿದ್ದರಂತೆ, ಹಾಜರಿ ಬೇರೆ ತೆಗೆದುಕೊಂಡರಂತೆ. ಅವಳು ಕ್ಷೇಮ ಸಮಾಚಾರ ಕೇಳಲಿಲ್ಲ.

"ಎಂಟ ತಿಂಗಳಾತು. ಇದ್ದೀಯೋ ಸತ್ತೀಯೋ ಅಂತ ಒಂದ ಮಾತು ಹೇಳಬಾರದೇನು? ಊರಿಗೆ ಹೋಗ್ಯಾಳ, ಊರಿಗೆ ಹೋಗ್ಯಾಳ ಅಂತ ಮಗಳ ಕಡೆ ಸುಳ್ಳು ಹೇಳಿಸ್ತಿ. ಠಾಕುರ್ಲಿ ಸ್ಟೇಷನ್ನಾಗ ಮುಂಜಾನೆ ಚೀಲಾ ಹಿಡಕೊಂಡು ನಿಂತಿದ್ದು ಮಂದಿ ನೋಡ್ಯಾರ. ನೀ ಎಂಟು ನಲವತ್ತೊಂದಕ್ಕ ಹೋಗ್ತೀಯಂತ. ಹೌದೋ ಅಲ್ಲೋ, ಅಷ್ಟ ಹೇಳು."

ನಾನು ಅವಳ ಮುಖ ನೋಡಿದೆ. ಅವಳಿಗೆ ರೋಗದ ಯೋಚನೆಯೇ ಬಂದಿರಲಿಲ್ಲ. ರಿಕ್ಷಾ ಸಿಗದ ದಿನ ಆಸ್ಪತ್ರೆಗೆ ಹೊರಟು ಠಾಕುರ್ಲಿಯಲ್ಲಿ ನಿಂತವಳನ್ನು ಯಾರೋ ನೋಡಿದ್ದಾರೆ. ಹೆಂಗಸೊಬ್ಬಳು ಎಂಟು ತಿಂಗಳು ಕಾಣದಿದ್ದರೆ ಬೇರೆಯವರು ಏನೇನೋ ಊಹಿಸಬಹುದು; ನಮ್ಮ ಗುಂಪಿನವರು ಊಹಿಸಿದ್ದು ಒಂದೇ, ಗಾಡಿ ಬದಲಿಸಿದಳು ಎಂದು. ನನಗೆ ಇಷ್ಟು ಸುಲಭದ ದಾರಿ ಇನ್ನೊಂದು ಸಿಗುವಂತಿರಲಿಲ್ಲ.

"ಹೌದು," ಎಂದೆ. "ಅದರಲ್ಲಿ ರಶ್ ಕಡಿಮೆ ಅಂತ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಕೈ ಬಿಟ್ಟು ಪಕ್ಕದಲ್ಲಿಯೇ ನಡೆಯತೊಡಗಿದಳು. ತುಸು ದೂರ ಹೋದ ಮೇಲೆ ಮುಖ ಆ ಕಡೆ ಮಾಡಿಕೊಂಡೇ ಹೇಳಿದಳು.

"ಮೂರು ತಿಂಗಳು ನಿನ್ನ ಪಾಳಿ ಯಾರಿಗೂ ಕೊಡಲಿಲ್ಲ ನಾನು. ಥಾಣೆ ಬರೂತನಕ ಸುಮ್ಮನ ನಿಂತ ಇರ್ತಿದ್ದೆ, ಸೀಟಿನ ಮ್ಯಾಲೆ ಚೀಲಾ ಇಟ್ಟು. ಮಂದಿ ಬಾಯಿಗೆ ಬಂದಂಗ ಬೈದ್ರು. ವಸಂತಿ ಬರ್ತಾಳ, ಊರಾಗ ಅದಾಳ ಅಂತಿದ್ದೆ. ಪ್ರಮಿಳಾತಾಯಿನೂ ಹಿಂಗ ಮಾಡಿದ್ಲು. ಆದ್ರ ಅಕಿ ಬ್ಯಾರೆ, ನೀ ಬ್ಯಾರೆ ಅಂತ ತಿಳಕೊಂಡಿದ್ದೆ."

ಖಾಲಿ ಸೀಟಿನ ಮೇಲೆ ಚೀಲ ಇಟ್ಟು, ಅದರ ಮುಂದೆ ನಿಂತಿದ್ದ ಈ ಹುಚ್ಚಿಯನ್ನು ನೆನೆಯುತ್ತ ನಾನು ಹೆಜ್ಜೆ ಹಾಕಿದೆ. ಬಿಸಿಲು ಏರುತ್ತಿತ್ತು, ವಿಗ್ಗಿನೊಳಗೆ ಬೆವರು ಇಳಿದು ತಲೆಯೆಲ್ಲ ತುರಿಕೆ. ಎರಡೂವರೆ ಕಿಲೋಮೀಟರ್ ಎಂದು ಬರೆದ ಹಲಗೆಯ ಹತ್ತಿರ ನನ್ನ ಕಾಲು ಸೋತಿತು. ಫುಟ್‌ಪಾತಿನ ಕಟ್ಟೆಯ ಮೇಲೆ ಕೂತೆ. ಸರೋಜಾ ನಿಂತಳು, ಆದರೆ ಹತ್ತಿರ ಬರಲಿಲ್ಲ. ಅವಳ ಆ ಮುಖವನ್ನು ಇನ್ನು ಅರೆಕ್ಷಣವೂ ನೋಡಲು ನನ್ನಿಂದಾಗಲಿಲ್ಲ. ಟೋಪಿ ತೆಗೆದೆ. ವಿಗ್ಗನ್ನೂ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

"ನಾನು ಗಾಡಿ ಬದಲಿಸಲಿಲ್ಲ ಮಾರಾಯ್ತಿ," ಎಂದೆ. "ಈ ನಡಿಗೆ ಯಾವ ರೋಗಕ್ಕೆ ಉಂಟೋ ಅದೇ ನನಗೆ ಬಂದದ್ದು. ಎಡಗಡೆಯ ಎದೆಗೆ ಆಪರೇಶನ್ ಆಯ್ತು. ನಾಳೆಯಿಂದ ಬದಲಿಸುವ ಅಂತ ಮಾತ್ರ ಇದ್ದೆ."

ಅವಳು ನನ್ನ ತಲೆಯನ್ನು ನೋಡಿದಳು, ಮಡಿಲಿನಲ್ಲಿದ್ದ ಕೂದಲನ್ನು ನೋಡಿದಳು. ಬಂದು ಪಕ್ಕದಲ್ಲಿ ಕೂತಳು.

"ಭಾಳ ತ್ರಾಸ ಆತೇನವಾ?"

ಇಡೀ ಡಬ್ಬಿಗೆ ಕೇಳುವಂತೆ ಮಾತಾಡುವವಳ ದನಿ ಪಿಸುಮಾತಾಗಿತ್ತು. ನಾನು ಎಂಟು ತಿಂಗಳು ಹೆದರಿ ಅಡಗಿ ಕೂತದ್ದು ಈ ದನಿಗೇ. ನನಗೆ ಅಳುವಿಗಿಂತ ಮೊದಲು ಕೋಪ ಬಂತು.

"ಆ ದನಿಯಲ್ಲಿ ನನ್ನ ಹತ್ತಿರ ಮಾತಾಡ್ಬೇಡ. ಪ್ರಮಿಳಾತಾಯಿ ಓಡಿಹೋದದ್ದು ಅದಕ್ಕೇ. ರೋಗಕ್ಕೆ ಹೆದರಿ ಅಲ್ಲ, ನಮಗೆ ಹೆದರಿ. ಅವಳ ಚೀಲ ಹಿಡಿದು ಹಿಡಿದು ಅವಳನ್ನು ಓಡಿಸಿದ್ದು ನಾನೂ ನೀನೂ."

"ಮತ್ತ ಹ್ಯಾಂಗ ಮಾತಾಡ್ಲಿ?"

"ನನಗೇನು ಗೊತ್ತು," ಎಂದೆ. ನಿಜವಾಗಿ ಗೊತ್ತಿರಲಿಲ್ಲ.

ಉಳಿದ ಎರಡೂವರೆ ಕಿಲೋಮೀಟರನ್ನು ನಾವು ಒಂದು ಗಂಟೆ ನಡೆದೆವು. ನಾನು ವಿಗ್ಗನ್ನು ಪುನಃ ಹಾಕಿಕೊಳ್ಳಲಿಲ್ಲ. ಗಾಳಿ ತಾಗಿ ತಲೆಗೆ ಹಾಯೆನಿಸುತ್ತಿತ್ತು. ಸರೋಜಾ ಮಾತ್ರ ಬೇಡವೆಂದರೂ ಕೇಳದೆ ನನ್ನ ಚೀಲ ತನ್ನ ಹೆಗಲಿಗೆ ಹಾಕಿಕೊಂಡಳು. ನೀರಿನ ಬಾಟಲಿ ಕಂಡಲ್ಲೆಲ್ಲ ಓಡಿ ತಂದಳು. ಒಂದು ಕಡೆ ಸ್ವಯಂಸೇವಕನನ್ನು ತಡೆದು ಇವರಿಗೆ ಗಾಡಿ ವ್ಯವಸ್ಥೆ ಇದೆಯಾ ಎಂದು ಕೇಳಿಯೂ ಬಂದಳು. ಮೈದಾನ ಮುಟ್ಟಿದ ಮೇಲೆ ಅವಳೇ ಹಳದಿಯ ಮೇಜಿಗೆ ಹೋಗಿ ನನ್ನ ಹೆಸರು ಹೇಳಿ ಶಾಲು ತಂದಳು. ಹೆಸರು ಅಲ್ಲಿ ಇದ್ದೇ ಇತ್ತು, ಮಗಳು ಬರೆಸಿದ್ದು. ಇಷ್ಟಾದ ಮೇಲೆ ಅಡಗಿಸಿಡಲು ಏನು ಉಳಿದಿತ್ತು, ಹೊದ್ದುಕೊಂಡೆ. ಉಳಿದ ಎರಡು ಇಡ್ಲಿಯನ್ನು ಇಬ್ಬರೂ ಒಂದೊಂದು ತಿಂದೆವು. ನಮ್ಮವರ ಚಟ್ನಿಯನ್ನು ಪ್ರತಿ ಸಲ ಸಪ್ಪೆ ಎಂದು ಹಳಿಯುವವಳು ಆ ದಿನ ಚಲೋ ಆಗೇತಿ ಎಂದಳು. ನಾನು ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ.

ನೆರುಳಿನಿಂದ ಥಾಣೆಯವರೆಗೆ ಗಾಡಿ ಖಾಲಿ. ಅವಳು ಎದುರು ಕೂತು ಹೊರಗೆ ನೋಡುತ್ತಿದ್ದಳು, ನಾನೂ ಹೊರಗೆ ನೋಡುತ್ತಿದ್ದೆ. ನಾಳೆ ಏನಾಗುತ್ತದೆಂದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಎಂಟು ಇಪ್ಪತ್ಮೂರಕ್ಕೆ ಹೋದರೆ ಕಿಟಕಿ ನನಗೆ ಕಾಯಂ. ಉಳಿದವರೆಲ್ಲರೂ ನನ್ನೆದುರು ದನಿ ತಗ್ಗಿಸುತ್ತಾರೆ. ಒಂದು ತಿಂಗಳೊಳಗೆ ನಾನೂ ಪ್ರಮಿಳಾತಾಯಿಯ ಹಾದಿ ಹಿಡಿಯುತ್ತೇನೆ. ಬೆಳಿಗ್ಗೆ ಮಾಡಿದ ನಿರ್ಧಾರವೇ ಸರಿ, ನಾಳೆ ಎಂಟು ನಲವತ್ತೊಂದಕ್ಕೇ ಹೋಗುವುದು ಎಂದು ತುರ್ಭೆ ದಾಟುವಾಗ ಪುನಃ ಗಟ್ಟಿ ಮಾಡಿಕೊಂಡೆ. ಇಪ್ಪತ್ತು ವರ್ಷದ ಸಲಿಗೆ ಹೀಗೆ ಮುಗಿಯುತ್ತಿದೆಯಲ್ಲ ಎಂದು ಬಹಳ ದುಃಖವಾಯಿತು.

ಥಾಣೆಯಲ್ಲಿ ಭಾನುವಾರದ ಮೆಗಾಬ್ಲಾಕಿನ ಫಜೀತಿ. ಹಳಿ ರಿಪೇರಿಯೆಂದು ಗಾಡಿಗಳು ಕಡಿಮೆ, ಪ್ಲಾಟ್‌ಫಾರ್ಮಿನ ತುಂಬ ಜನ. ನಲವತ್ತು ನಿಮಿಷ ಕಾದ ಮೇಲೆ ಕಲ್ಯಾಣಕ್ಕೆ ಹೋಗುವ ನಿಧಾನದ ಗಾಡಿ ಬಂತು. ಅದು ನಿಲ್ಲುವ ಮೊದಲೇ ಸರೋಜಾ ಒಳಗೆ ನುಗ್ಗಿ, ಇಬ್ಬರನ್ನು ಮೊಣಕೈಯಿಂದ ಸರಿಸಿ, ಒಂದು ಸೀಟು ಹಿಡಿದಳು. ಒಂದೇ. ನನ್ನನ್ನು ಕೈಹಿಡಿದು ತಂದು ಕೂರಿಸಿ, ನನ್ನ ಮುಂದೆ ನಿಂತು ಮೇಲಿನ ಹಿಡಿ ಹಿಡಿದಳು. ಹೆಗಲಲ್ಲಿ ಎರಡು ಚೀಲ. ಕೊಡು ಎಂದರೆ ಕೊಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಗುಜರಾತಿ ಹೆಂಗಸು ನನ್ನ ತಲೆಯನ್ನೂ ಹಳದಿ ಶಾಲನ್ನೂ ನೋಡಿ ಒಂದಿಷ್ಟು ಜಾಗ ಬಿಟ್ಟುಕೊಟ್ಟಳು. ಕಳವಾ ಬಂತು. ಖಾರಿಯ ನೀರು ಬಂತು, ಹೋಯಿತು. ಅವಳು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುತ್ತ ನಿಂತಿದ್ದಳು. ಮುಂಬ್ರಾ ಬಂತು, ಹತ್ತುವವರು ಹತ್ತಿದರು, ಗಾಡಿ ಹೊರಟಿತು.

ಆಗ ನನ್ನ ಮಂಡಿಗೆ ಅವಳ ಮಂಡಿ ತಾಗಿತು. ತಾಗಿದ್ದಲ್ಲ, ಗುದ್ದಿದ್ದು.

"ಏಳು," ಎಂದಳು.

ನಾನು ಕೇಳಿಸದವಳಂತೆ ಅವಳ ಮುಖ ನೋಡಿದೆ.

"ಏಳವಾ. ಮುಂಬ್ರಾ ದಾಟ್ತು, ಅರ್ಧ ಹಾದಿ ಆತು. ಇನ್ನ ನಂದು ಪಾಳಿ. ನಾನೂ ಐದು ಕಿಲೋಮೀಟರ್ ನಡದೀನಿ, ನನಗೂ ಮೊಣಕಾಲ ಅದಾವು." ಪಿಸುಮಾತಲ್ಲ. ಬಾಗಿಲಿನ ಹತ್ತಿರ ನಿಂತಿದ್ದವರೂ ತಿರುಗಿ ನೋಡಿದರು.

ನಾನು ಎದ್ದೆ. ಅವಳು ಉಸ್ಸೆಂದು ಕೂತು, ಎರಡೂ ಚೀಲಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಗುಜರಾತಿ ಹೆಂಗಸಿಗೆ ತಡೆಯಲಾಗಲಿಲ್ಲ. ಹಿಂದಿಯಲ್ಲಿ ಸರೋಜಾಳಿಗೆ ಹೇಳಿದಳು, "ಏನಮ್ಮಾ ನೀವು, ಕಣ್ಣು ಕಾಣಿಸುವುದಿಲ್ಲವಾ? ಪಾಪ, ಅವರಿಗೆ ಹುಷಾರಿಲ್ಲ. ಅವರನ್ನು ಎಬ್ಬಿಸಿ ಕೂರುತ್ತೀರಲ್ಲ?"

"ಇವಳಿಗೇನಾಗಿದೆ?" ಸರೋಜಾ ಅಷ್ಟೇ ಜೋರಾಗಿ ಹಿಂದಿಯಲ್ಲಿ ಕೇಳಿದಳು. "ಎಂಟು ತಿಂಗಳಿಂದ ಮನೆಯಲ್ಲಿ ಕೂತೇ ಇದ್ದಳು."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡನ್ನೂ ತಡೆಯಲು ಹೋಗಲಿಲ್ಲ. ಸರೋಜಾ ನನ್ನ ಕಡೆ ನೋಡಲಿಲ್ಲ; ತನ್ನ ಒಂದು ಕಾಲನ್ನು ಮಾತ್ರ ನನ್ನ ಎಡಗಡೆಗೆ ಅಡ್ಡ ಚಾಚಿ ಇಟ್ಟುಕೊಂಡಳು, ಆ ಬದಿಗೆ ಯಾರೂ ತಾಗದ ಹಾಗೆ. ದಿವಾದಲ್ಲಿ ಜನ ನುಗ್ಗಿದರು. ಯಾರದೋ ಮೊಣಕೈ ಬೆನ್ನಿಗೆ ತಾಗಿತು, ಯಾರೋ ಕಾಲು ತುಳಿದರು, ನಾನೂ ಸರಿಯಾಗಿ ಎರಡು ಮಾತು ಬೈದೆ. ಬಲಗೈಯಿಂದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಡೊಂಬಿವಲಿಯವರೆಗೆ ನಿಂತೇ ಬಂದೆ.